ಮುಹೂರ್ತಕ್ಕೆ ಏಳದ ಕಂಪ್ಯೂಟರ್

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಎನ್ನುವುದಕ್ಕಿಂತ ಶಾಲೆಯೂ ನಾನೂ ಪರಸ್ಪರ ಒಪ್ಪಿ ಬೇರೆಯಾದೆವು ಎನ್ನಬೇಕು. ಹಳ್ಳಿಮೈಸೂರಿನಿಂದ ಹೊಳೆನರಸೀಪುರಕ್ಕೆ ಬಂದು ಪೇಟೆ ಬೀದಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ನಿಂತೆ. ಇಪ್ಪತ್ತು ವರ್ಷ ಜೋಡಿಸಿದೆ. ಆಮೇಲೆ ಆ ಪ್ರೆಸ್ಸೇ ನನ್ನದಾಯಿತು. ಇವತ್ತಿಗೂ ನನಗೆ ಅಕ್ಷರವನ್ನು ನೇರವಾಗಿ ಓದುವುದಕ್ಕಿಂತ ಉಲ್ಟಾ ಓದುವುದೇ ಸಲೀಸು. ಇಂಗ್ಲಿಷಿನಲ್ಲಿಯೂ ಅಷ್ಟೇ. ಇಪ್ಪತ್ತಾರು ಅಕ್ಷರವೂ ನನ್ನ ಬೆರಳಿಗೆ ಗೊತ್ತು. ಅರ್ಥ ಒಂದನ್ನು ಮಾತ್ರ ಬೇರೆಯವರನ್ನು ಕೇಳಬೇಕು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೊಳೆಯ ಕಾಲ ಮುಗಿಯಿತು. ಮದುವೆಯ ಕಾಗದ ಮಾಡಿಸಲು ಬಂದವರೆಲ್ಲ ‘ಕಂಪ್ಯೂಟರ್ ಇಲ್ವಾ?’ ಎಂದು ಕೇಳಿ ಹಾಸನದ ಬಸ್ಸು ಹತ್ತತೊಡಗಿದರು. ನಾನು ಕಾಲಿನಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನನ್ನೂ ಮೊಳೆಗಳನ್ನೂ ಕೊಟ್ಟುಬಿಟ್ಟು, ಒಂದು ಪೆಟ್ಟಿಗೆ ಇಂಗ್ಲಿಷ್ ಮೊಳೆಯನ್ನು ಮಾತ್ರ ಪ್ರೀತಿಗೆ ಉಳಿಸಿಕೊಂಡು, ಹಾಸನದಿಂದ ಒಂದು ಕಂಪ್ಯೂಟರು, ಒಂದು ಪ್ರಿಂಟರು ತರಿಸಿದೆ. ಕಂಪ್ಯೂಟರು ಅದಾಗಲೇ ಒಂದು ಸಂಸಾರ ಮಾಡಿ ಬಂದದ್ದು.

ನನ್ನ ಹೆಂಡತಿ ಜಯಮ್ಮ ಚನ್ನರಾಯಪಟ್ಟಣದ ಕಡೆಯವಳು. ಮಾತು ಕಮ್ಮಿ, ಗುರಿ ಜಾಸ್ತಿ. ‘ಕಾಲಲ್ಲಿ ತುಳಿಯೋ ಮೆಷಿನ್ ಬುಟ್ಟು ತಲೇಲಿ ಓಡ್ಸೋ ಮೆಷಿನ್ ತಂದವ್ರೆ. ನೋಡಾನ’ ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಕಂಪ್ಯೂಟರಿಗೆ ಪೂಜೆ ಮಾಡಿದ ದಿನ ನಮ್ಮ ಪಕ್ಕದ ಮನೆಯ ಸುಬ್ಬರಾಯ ಮೇಷ್ಟ್ರು ಬಂದಿದ್ದರು. ರುದ್ರಪಟ್ಟಣದವರು. ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು. ಕಂಪ್ಯೂಟರ್ ಜೋಡಿಸಲು ಹಾಸನದಿಂದ ಬಂದಿದ್ದ ಪ್ರಕಾಶ, ಅದನ್ನು ಹಾಕುವುದು ಹೇಗೆ, ನಿಲ್ಲಿಸುವುದು ಹೇಗೆ ಎಂದು ತೋರಿಸಿದ. ನಿಲ್ಲಿಸುವಾಗ ಒಳಗಿನಿಂದ ಟಿಣ್ ಟಿಣ್ ಎಂದು ಏನೋ ಒಂದು ಸದ್ದು ಬಂತು. ಮೇಷ್ಟ್ರು ಮುಖ ಕಿವುಚಿದರು.

‘ನಂಜಪ್ಪ, ಕೆಲಸ ಮುಗಿದಾಗ ಮಂಗಳ ಹಾಡ್ಬೇಕು ಕಣಯ್ಯ. ಇದೇನು ತಟ್ಟೆ ಬಿದ್ದ ಹಾಗೆ?’

‘ಅದನ್ನ ಬದಲಾಯಿಸ್ಬೋದು ಸಾರ್. ಮೈಕ್ ಇದೆ. ನೀವೇ ಹಾಡಿ’ ಎಂದ ಪ್ರಕಾಶ.

ನಾನು ಎಲ್ಲರಿಗೂ ಕಾಫಿ ತರಲು ಹೋಟೆಲಿಗೆ ಹೋದೆ. ಬರುವಷ್ಟರಲ್ಲಿ ಮೇಷ್ಟ್ರು ಹಾಡಿ ಮುಗಿಸಿದ್ದರು. ಪ್ರಕಾಶ ಅದನ್ನು ಒಳಗೆ ಸೇರಿಸಿ, ಕಾಫಿ ಕುಡಿದು, ಓಡಿ ಬಸ್ಸು ಹಿಡಿದ.

ಅಂದು ಸಂಜೆ ಕಂಪ್ಯೂಟರ್ ನಿಲ್ಲಿಸಲು ಹೋದೆ. ಮಧ್ಯಮಾವತಿ ರಾಗದಲ್ಲಿ ಮಂಗಳ ಹೊರಟಿತು. ಎಂಥ ಕಂಠ! ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಎದುರಿನ ಹೂವಿನ ಅಂಗಡಿಯವರು ಕೈಮುಗಿದರು. ಹಾಡು ಮುಗಿಯಿತು. ಮುಗಿದ ಮೇಲೆ, ಪೆಟ್ಟಿಗೆಯೊಳಗಿಂದ ಮೇಷ್ಟ್ರು ಕೆಮ್ಮಿದರು. ಗಂಟಲ ಬುಡದಿಂದ ಹೊರಟು ಮೂರು ಮಹಡಿ ಹತ್ತಿ ಬಂದಂಥ ಕೆಮ್ಮು. ಬೀದಿಗೆ ಬೀದಿಯೇ ನಕ್ಕಿತು. ನಾನು ಹಾರಿ ಹೋಗಿ ಗೋಡೆಯ ಮೇಲಿನ ಮೇನ್ ಸ್ವಿಚ್ಚು ಕೆಳಗೆಳೆದೆ.

ಹಿರಿಯರ ಮರ್ಯಾದೆ ನಮ್ಮ ಅಂಗಡಿಯಲ್ಲಿ ಹೋಗಬಾರದು. ಮರುದಿನದಿಂದ ನಾನೊಂದು ಕ್ರಮ ಇಟ್ಟುಕೊಂಡೆ. ಸಂಜೆ ಕಂಪ್ಯೂಟರಿಗೆ ನಿಲ್ಲು ಎಂದು ಆಜ್ಞೆ ಕೊಟ್ಟು, ಒಂದು ಕೈಯನ್ನು ಎದೆಗಿಟ್ಟು ಇನ್ನೊಂದನ್ನು ಮೇನ್ ಸ್ವಿಚ್ಚಿನ ಮೇಲಿಟ್ಟು ನಿಲ್ಲುತ್ತಿದ್ದೆ. ಮಂಗಳದ ಕೊನೆಯ ಸ್ವರ ಮುಗಿಯಬೇಕು, ಕೆಮ್ಮು ಶುರುವಾಗಬಾರದು. ನಡುವೆ ಒಂದು ಉಸಿರಿನಷ್ಟು ಜಾಗ. ಅಲ್ಲಿ ಎಳೆಯುತ್ತಿದ್ದೆ. ಟ್ರೆಡಲ್ ಮೆಷಿನ್ನಿನ ಬಾಯಿಗೆ ಇಪ್ಪತ್ತು ವರ್ಷ ಕೈ ಕೊಟ್ಟು, ಬೆರಳು ಕಳೆದುಕೊಳ್ಳದೆ ಕಾಗದ ತೆಗೆದವನಿಗೆ ಇದೇನು ಮಹಾ! ಒಂದು ದಿನವೂ ತಪ್ಪಲಿಲ್ಲ.

ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಮೊದಲು ಒಂದು ನೀಲಿ ಪರದೆ ಬರುತ್ತಿತ್ತು. ಮೇಲೆ ಬಿಳಿ ಇಂಗ್ಲಿಷು, ಕೆಳಗೆ ಹಳದಿ ಪಟ್ಟಿಯೊಂದು ಬಸುರಿ ಇರುವೆಯಂತೆ ತೆವಳುತ್ತಿತ್ತು. ತನ್ನ ಹೊಟ್ಟೆಯನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತಿದೆ, ಮಧ್ಯೆ ಮುಟ್ಟಿದರೆ ಒಳಗಿರುವ ಅಕ್ಷರವೆಲ್ಲ ಹೋಗುತ್ತದೆ ಎಂದು ಯಾರೋ ತಿಳಿದವರು ಹೆದರಿಸಿದ್ದರು. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಎಲ್ಲ ಕಂಪ್ಯೂಟರುಗಳೂ ಬೆಳಗ್ಗೆ ಹೀಗೆ ಹಲ್ಲುಜ್ಜಿ ಮುಖ ತೊಳೆಯುತ್ತವೆ ಎಂದುಕೊಂಡಿದ್ದೆ. ಶುದ್ಧವಾದ ಯಂತ್ರ ಸಿಕ್ಕಿದೆ ಎಂಬ ಹೆಮ್ಮೆಯೂ ಇತ್ತು. ಅಷ್ಟರಲ್ಲಿ ಪೇಪರ್ ಓದಿ, ಟೀ ಕುಡಿದು, ಬೀದಿಗೆ ನೀರು ಹಾಕಿ ಮುಗಿಸುತ್ತಿದ್ದೆ.

ಹೀಗೆ ಆರು ತಿಂಗಳು ಕಳೆದಿರುವಾಗ ಮೇಷ್ಟ್ರ ಮಗಳು ಶಾರದೆಗೆ ಗಂಡು ಗೊತ್ತಾಯಿತು.

ಏಳೆಂಟು ವರ್ಷದಿಂದ ಬಂದ ಸಂಬಂಧವೆಲ್ಲ ಬಾಗಿಲ ತನಕ ಬಂದು ಹಿಂದಕ್ಕೆ ಹೋಗಿದ್ದವು. ಈಗ ಅರಕಲಗೂಡಿನವರು ಒಪ್ಪಿದ್ದರು. ಹುಡುಗ ಒಳ್ಳೆಯವನು, ಶಾರದೆಗೂ ಮನಸ್ಸು ಬಂದಿತ್ತು. ಹುಡುಗನ ತಂದೆ ಕೃಷ್ಣಯ್ಯನವರೂ ಒಳ್ಳೆಯವರೇ. ಆದರೆ ಪಂಚಾಂಗ ನೋಡದೆ ಚಪ್ಪಲಿ ಮೆಟ್ಟುವವರಲ್ಲ. ಲಗ್ನಪತ್ರಿಕೆಯ ಮೊದಲ ಪ್ರತಿ ಅವರ ಕಣ್ಣ ಮುಂದೆ, ಮುಹೂರ್ತದೊಳಗೆ ಅಚ್ಚಾಗಿ, ಅರಿಸಿನ ಹಚ್ಚಿಸಿಕೊಳ್ಳಬೇಕು. ಉಳಿದ ಪ್ರತಿಗಳು ಯಾವಾಗಲಾದರೂ ಆಗಲಿ.

‘ನಮ್ಮ ನಂಜಪ್ಪನ ಪ್ರೆಸ್ಸಲ್ಲೇ ಮಾಡಿಸೋಣ’ ಎಂದು ಮೇಷ್ಟ್ರು ಮಾತು ಕೊಟ್ಟರು. ನಾನು, ‘ಗುಂಡಿ ಒತ್ತಿದ್ರೆ ಕಾಗದ ಬತ್ತದೆ ಸಾ. ಕಣ್ಣು ಮಿಟುಕ್ಸೋದ್ರಲ್ಲಿ’ ಎಂದು ಅದರ ಮೇಲೆ ಇನ್ನೊಂದು ಮಾತು ಕೊಟ್ಟೆ.

ಸೋಮವಾರ. ಒಂಬತ್ತಕ್ಕೆ ರಾಹುಕಾಲ ಮುಗಿಯುತ್ತದೆ. ಒಂಬತ್ತು ಐದರಿಂದ ಒಂಬತ್ತು ನಲವತ್ತರವರೆಗೆ ಮುಹೂರ್ತ. ಮೇಷ್ಟ್ರು ಜರಿ ಪಂಚೆಯಲ್ಲಿ ಬಂದಿದ್ದರು. ಕೃಷ್ಣಯ್ಯನವರು ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡರು. ನಾನು ಮೊದಲೇ ಹಾಕಿಟ್ಟಿರುತ್ತೇನೆ ಎಂದರೆ ಕೇಳಲಿಲ್ಲ.

‘ಮುಹೂರ್ತಕ್ಕೆ ಮುಂಚೆ ಸ್ವಿಚ್ ಮುಟ್ಟಕೂಡದು. ಉರೀತಿರೋ ಒಲೆ ತೋರಿಸಿ ಈಗ ಹಚ್ಚಿದೆ ಅಂದ್ರೆ ದೇವರಿಗೆ ಗೊತ್ತಾಗಲ್ವೇ?’

ಒಂಬತ್ತು ಐದಕ್ಕೆ ಕಾಯಿ ಒಡೆದು ಸ್ವಿಚ್ಚು ಹಾಕಿದೆ. ನೀಲಿ ಪರದೆ ಬಂತು. ಇರುವೆ ಹೊರಟಿತು.

‘ಇದೇನು?’ ಎಂದರು ಕೃಷ್ಣಯ್ಯ.

‘ಮುಖ ತೊಳ್ಕತಾ ಐತೆ ಸಾ.’

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಮೇಷ್ಟ್ರು ಪರದೆಯನ್ನು ನೋಡುವುದು ಬಿಟ್ಟು ನನ್ನನ್ನು ನೋಡತೊಡಗಿದರು.

‘ಎಷ್ಟೊತ್ತಪ್ಪ ತೊಳೆಯೋದು? ಎಮ್ಮೆ ಮೈತೊಳೆದ್ರೂ ಇಷ್ಟೊತ್ತಿಗೆ ಮುಗೀತಿತ್ತು’ ಎಂದರು ಕೃಷ್ಣಯ್ಯ.

ಒಂಬತ್ತು ನಲವತ್ತಕ್ಕೆ ಅವರು ಕೈಗಡಿಯಾರ ಕಟ್ಟಿಕೊಂಡು ಎದ್ದರು. ಇರುವೆ ಇನ್ನೂ ಒಂದು ಗೇಣು ದೂರದಲ್ಲಿತ್ತು.

‘ಮೇಷ್ಟ್ರೇ, ಶುಕ್ರವಾರ ಇನ್ನೊಂದು ಮುಹೂರ್ತ ಇದೆ, ಒಂಬತ್ತು ನಲವತ್ತರಿಂದ ಹತ್ತು ಇಪ್ಪತ್ತು. ಆಮೇಲೆ ರಾಹುಕಾಲ. ಅವತ್ತೂ ತಪ್ಪಿದ್ರೆ...’ ಎಂದು ಶಲ್ಯ ಹೊದ್ದುಕೊಂಡು, ‘ಮನೇಲಿ ನಮ್ಮ ಅಕ್ಕ ಒಬ್ರಿದ್ದಾರೆ. ಎರಡು ಸಲ ತಡೆ ಆಯ್ತು ಅಂದ್ರೆ ಅವರು ಸುಮ್ನಿರೋರಲ್ಲ. ನಾನು ಏನೂ ಹೇಳೋಕಾಗಲ್ಲ’ ಎಂದು ಹೊರಟರು.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಒಡೆದ ಕಾಯಿಯ ಎರಡು ಹೋಳನ್ನೂ ಜೋಡಿಸಿ ಹಿಡಿದುಕೊಂಡು ಮನೆಗೆ ಹೋದರು. ಬೈದಿದ್ದರೆ ನನಗೆ ಅಂದು ಊಟ ಸೇರುತ್ತಿತ್ತು.

‘ಆಸನದೋನ್ಗೆ ಒಂದು ಫೋನ್ ಮಾಡಿ’ ಎಂದಳು ಜಯಮ್ಮ.

‘ಯಾಕೆ? ನಂಗೆ ಕೈ ಇಲ್ವಾ? ಟ್ರೆಡಲ್ ಮೆಷಿನ್ ನಿಂತಾಗ ಯಾವ ಆಸನದೋನು ಬಂದಿದ್ದ?’

‘ಅದು ಕಬ್ಣ ಕಣ್ರೀ.’

‘ಇದೂ ತಗಡೇ ತಾನೆ.’

ನಾಲ್ಕು ದಿನಗಳಿದ್ದವು. ವೈಜ್ಞಾನಿಕವಾಗಿ ಮುಂದುವರಿಯಲು ನಿರ್ಧರಿಸಿದೆ. ಮೊದಲು ಆ ನೀಲಿ ಪರದೆ ಏನು ಹೇಳುತ್ತಿದೆ ಎಂದು ತಿಳಿಯಬೇಕು. ಉಳಿಸಿಕೊಂಡಿದ್ದ ಇಂಗ್ಲಿಷ್ ಮೊಳೆಯ ಪೆಟ್ಟಿಗೆ ತೆಗೆದು, ಮಧ್ಯಾಹ್ನ ಇನ್ನೊಮ್ಮೆ ಕಂಪ್ಯೂಟರ್ ಹಾಕಿ, ಪರದೆಯ ಮೇಲಿದ್ದ ಒಂದೊಂದೇ ಅಕ್ಷರವನ್ನು ನೋಡಿ ಜೋಡಿಸಿ, ಮಸಿ ಬಳಿದು ಕಾಗದಕ್ಕೆ ಒತ್ತಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಅಂಚಿಗೆ ಹೂಬಳ್ಳಿಯನ್ನೂ ಹಾಕಿದ್ದೆ. ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು.

‘ಹಿಂದಿನ ಸಲ ಇದನ್ನ ಸರಿಯಾಗಿ ನಿಲ್ಲಿಸ್ಲಿಲ್ಲ, ಅದಕ್ಕೇ ತಪಾಸಣೆ ಮಾಡ್ತಿದೀನಿ ಅಂತ ಬರೆದಿದೆಯಲ್ಲ ನಂಜಪ್ಪ.’

ನನಗೆ ಮೈ ಉರಿದುಹೋಯಿತು. ಸರಿಯಾಗಿ ನಿಲ್ಲಿಸಲಿಲ್ಲವೇ? ನಾನೇ? ಪ್ರಕಾಶ ತೋರಿಸಿದ ಹಾಗೆ ಆಜ್ಞೆ ಕೊಟ್ಟು, ಮಂಗಳ ಪೂರ್ತಿ ಕೇಳಿ, ಎದೆಯ ಮೇಲೆ ಕೈಯಿಟ್ಟು ನಿಲ್ಲಿಸುವ ಮನುಷ್ಯ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ. ‘ಈ ಪೆಟ್ಟಿಗೆ ಸುಳ್ಳು ಏಳ್ತದೆ ಸಾ’ ಎಂದೆ. ಮೇಷ್ಟ್ರು ಪಾಪ, ‘ಇರಬಹುದು’ ಎಂದರು. ಅವರ ಮುಂದೆ ಕೆಮ್ಮಿನ ವಿಷಯ ಎತ್ತುವುದುಂಟೇ? ನಾನು ಎತ್ತಲಿಲ್ಲ.

ಸುಳ್ಳು ಹೇಳುವ ಯಂತ್ರಕ್ಕೆ ಹೊಟ್ಟೆಯಲ್ಲಿ ಕಸ ಇರಬೇಕು ಎಂದು ತೀರ್ಮಾನಿಸಿದೆ. ಮಂಗಳವಾರ ಮುಚ್ಚಳ ತೆಗೆದು, ಮೊಳೆ ತೊಳೆಯುವ ಹಾಗೆಯೇ ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ ಮೂಲೆಮೂಲೆ ಒರೆಸಿದೆ. ಒಳಗಿದ್ದ ಪುಟ್ಟ ಫ್ಯಾನು ಗರ್ ಎನ್ನುತ್ತಿತ್ತು. ಅದಕ್ಕೆ ಜಯಮ್ಮನ ಹೊಲಿಗೆ ಮೆಷಿನ್ನಿನ ಎಣ್ಣೆ ನಾಲ್ಕು ಹನಿ ಬಿಟ್ಟೆ. ಇರಲಿ ಎಂದು ಇನ್ನೂ ಹತ್ತು ಬಿಟ್ಟೆ. ಆರಲು ಅರ್ಧ ದಿನ ಬಿಸಿಲಿಗಿಟ್ಟೆ. ಹಾಕಿದಾಗ ಫ್ಯಾನು ಸದ್ದೇ ಇಲ್ಲದೆ ತಿರುಗಿತು. ತಿರುಗುತ್ತಾ ಎಣ್ಣೆಯನ್ನೆಲ್ಲ ನನ್ನ ಬಿಳಿ ಅಂಗಿಯ ಮೇಲೆ ಅಚ್ಚುಕಟ್ಟಾಗಿ ಸಿಂಪಡಿಸಿತು. ಪರದೆ ಎಂದಿನಂತೆ ನೀಲಿ. ಇರುವೆ ಎಂದಿನಂತೆ ಹೊರಟಿತು. ಹೊಸದೆಂದರೆ ಸೀಮೆಎಣ್ಣೆಯ ವಾಸನೆ ಒಂದೇ.

ಸಂಜೆ ಮಂಗಳ ಹಾಡಿಸಿ, ಸ್ವಿಚ್ಚು ಎಳೆದು, ಮೋಟಾರು ಕಟ್ಟುವ ಮಂಜನ ಹತ್ತಿರ ಹೋದೆ. ಪಂಪ್‌ಸೆಟ್ ಮೋಟಾರುಗಳ ತಂತಿ ಸುತ್ತುವುದರಲ್ಲಿ ನಮ್ಮ ತಾಲ್ಲೂಕಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಬುಧವಾರ ಬೆಳಗ್ಗೆ ಬಂದು, ಬೆರಳನ್ನು ಕಂಪ್ಯೂಟರಿನ ತಗಡಿಗೆ ಮುಟ್ಟಿಸಿ, ವೈದ್ಯರು ನಾಡಿ ನೋಡಿದ ಹಾಗೆ ಕಣ್ಣು ಮುಚ್ಚಿದ.

‘ಅಣ್ಣೋ, ಜುಮ್ ಅಂತದೆ. ನಿಂಗೆ ಅರ್ತ್ ಸರಿಗಿಲ್ಲ ಕಣಣ್ಣೋ.’

‘ಅದ್ಕೂ ಇದ್ಕೂ ಏನ್ಲಾ ಸಂಬಂಧ?’

‘ಕರೆಂಟು ಭೂಮಿಗೆ ಓಗ್ದೆ ಇದ್ರೆ ಎಲ್ಲೋಯ್ತದೆ? ತಲೆಗೋಯ್ತದೆ. ತಲೆಗೋದ್ರೆ ಡೌಟು ಬತ್ತದೆ. ಡೌಟು ಬಂದೋನು ದಿನಾ ಚೆಕ್ ಮಾಡ್ತನೆ.’

ಇಷ್ಟು ಸ್ಪಷ್ಟವಾಗಿ ನನಗೆ ಯಾವ ಮೇಷ್ಟ್ರೂ ಏನನ್ನೂ ವಿವರಿಸಿರಲಿಲ್ಲ. ಅಂಗಡಿಯ ಹಿಂದೆ ಆಳುದ್ದ ಗುಂಡಿ ತೋಡಿದೆವು. ಕಬ್ಬಿಣದ ಪೈಪು ನೆಟ್ಟೆವು. ಸುತ್ತ ಉಪ್ಪು, ಇದ್ದಲು, ಉಪ್ಪು, ಇದ್ದಲು ಎಂದು ಪದರ ಪದರವಾಗಿ ತುಂಬಿದೆವು. ವಿಷಯ ತಿಳಿದ ಬೀದಿಯವರು ಶಾರದೆಯ ಮದುವೆ ಎಂದು ತಮ್ಮ ತಮ್ಮ ಮನೆಯ ಇದ್ದಲನ್ನೂ ತಂದು ಸುರಿದರು. ಇಸ್ತ್ರಿ ಅಂಗಡಿಯವರು ಅಂದು ಇಸ್ತ್ರಿಯನ್ನೇ ಮಾಡಲಿಲ್ಲ. ಹನ್ನೆರಡು ಕೊಡ ನೀರು ಹುಯ್ದು ಸ್ವಿಚ್ಚು ಹಾಕಿದೆ. ನೀಲಿ.

ಮಂಜ ಗುಂಡಿಯನ್ನೂ ಪರದೆಯನ್ನೂ ನೋಡಿ, ‘ಅರ್ತ್ ಅಂತೂ ಬೊಂಬಾಟಾಗಿ ಕುಂತದೆ ಅಣ್ಣೋ’ ಎಂದು ಮೋಟಾರುಗಳ ಕಡೆಗೆ ಹೋದ.

ಆಗ ನನಗೊಂದು ಮಹತ್ವದ ಯೋಚನೆ ಹೊಳೆಯಿತು. ನಿಲ್ಲಿಸಿದರೆ ತಾನೆ ಸರಿಯಾಗಿ ನಿಲ್ಲಿಸಲಿಲ್ಲ ಎಂಬ ಆರೋಪ? ನಿಲ್ಲಿಸುವುದೇ ಬೇಡ! ಶುಕ್ರವಾರದವರೆಗೆ ಹಾಗೇ ಉರಿಯಲಿ. ಕೃಷ್ಣಯ್ಯನವರು ಬಂದಾಗ ಟಿವಿಯಂಥ ಆ ಮುಂದಿನ ಪೆಟ್ಟಿಗೆಯನ್ನು ಮಾತ್ರ ಆರಿಸಿ, ಅವರೆದುರಿಗೆ ಹಚ್ಚಿದರಾಯಿತು. ದೇವರಿಗೆ ಗೊತ್ತಾಗುವುದರ ಬಗ್ಗೆ ಆಮೇಲೆ ದೇವರ ಹತ್ತಿರವೇ ಮಾತಾಡಿಕೊಳ್ಳಬಹುದು. ಬುಧವಾರ ಸಂಜೆ ಮಂಗಳ ಹಾಡಿಸದೆ ಬಾಗಿಲು ಹಾಕಿಕೊಂಡು ಹೋದೆ. ಗುರುವಾರ ಬೆಳಗ್ಗೆ ಬಂದು ನೋಡಿದರೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಮತ್ತೆ ಬಂದು, ನೀಲಿ ಪರದೆ ನನಗಿಂತ ಮುಂಚೆ ಅಂಗಡಿ ತೆರೆದು ಕುಳಿತಿತ್ತು.

ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಎದುರಿನ ಹೂವಿನ ಅಂಗಡಿಯಲ್ಲಿ ಶಾರದೆ ನಿಂತು ಹೂ ಕೊಳ್ಳುತ್ತಿದ್ದಳು. ನನ್ನನ್ನು ನೋಡಿ ನಕ್ಕು, ‘ನಂಜಪ್ಪಣ್ಣ, ಆಗದಿದ್ರೆ ತಲೆ ಕೆಡಿಸ್ಕೋಬೇಡಿ. ಕೈಯಲ್ಲಿ ಬರೆದ್ರಾಯ್ತು’ ಎಂದು ಹೋದಳು. ಆ ಮಾತು ಕೇಳಿದ ಮೇಲೆ ನನ್ನ ಹೆಮ್ಮೆ ಇನ್ನು ಹೆಚ್ಚು ದಿನ ಬಾಳುವಂತೆ ಕಾಣಲಿಲ್ಲ. ಫೋನ್ ಮಾಡೋಣವೆಂದು ಎದ್ದೆ.

ಅಷ್ಟರಲ್ಲಿ ಹಾಸನದ ಬಸ್ಸಿನಿಂದ ಇಳಿದು ಪ್ರಕಾಶ ಬರುತ್ತಿದ್ದ. ಜಯಮ್ಮ ಮಂಗಳವಾರವೇ ಫೋನ್ ಮಾಡಿದ್ದಳಂತೆ. ಸೀಮೆಎಣ್ಣೆ ಕೇಳಲು ನಾನು ಮನೆಗೆ ಹೋದಾಗಲೇ.

ಪ್ರಕಾಶ ಮೂಗು ಮುಚ್ಚಿಕೊಂಡು ಕಂಪ್ಯೂಟರನ್ನು ಮುಂದೆ ಹಿಂದೆ ನೋಡಿದ. ‘ಯಜಮಾನ್ರೇ, ಏನು ಮಾಡಿದ್ರಿ ಅಂತ ಕೇಳಲ್ಲ. ಈಗ ತಪಾಸಣೆ ಮುಗೀತಲ್ಲ, ದಿನಾ ಹೇಗೆ ನಿಲ್ಲಿಸ್ತೀರೋ ಹಾಗೆ ನಿಲ್ಲಿಸಿ, ನೋಡೋಣ’ ಎಂದ.

ನನ್ನ ಕೌಶಲ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಆಜ್ಞೆ ಕೊಟ್ಟೆ. ಎದೆಗೆ ಕೈ. ಸ್ವಿಚ್ಚಿಗೆ ಕೈ. ಮಂಗಳ ಹೊರಟಿತು. ಪ್ರಕಾಶನೂ ಭಕ್ತಿಯಿಂದ ನಿಂತ. ಕೊನೆಯ ಸ್ವರ ಮುಗಿಯಿತು. ಎಳೆದೆ.

ಪ್ರಕಾಶ ಬಾಯಿ ಬಿಟ್ಟವನು ಮುಚ್ಚಲಿಲ್ಲ.

‘ಅದನ್ನ ಯಾಕೆ ಎಳೆದ್ರಿ?’

‘ಕೆಮ್ಮು ಬತ್ತದಲ್ಲಪ್ಪ.’

‘ಯಾರಿಗೆ?’

‘ಮೇಷ್ಟ್ರಿಗೆ.’

‘ಅವರೆಲ್ಲಿದಾರೆ?’

‘ಒಳಗೆ.’

ಪ್ರಕಾಶ ಕುರ್ಚಿಯ ಮೇಲೆ ಕುಳಿತ. ‘ಯಜಮಾನ್ರೇ, ಅದು ಹಾಡೋದು ಬಾಗಿಲು ಹಾಕೋಕೆ ಮುಂಚೆ. ಹಾಡು ಪೂರ್ತಿ ಮುಗಿದ ಮೇಲೆ ಒಳಗೆಲ್ಲ ಎತ್ತಿಟ್ಟು ಬಾಗಿಲು ಹಾಕ್ಕೊಳುತ್ತೆ. ನೀವು ದಿನಾ ಹೊಸಿಲ ಮೇಲೆ ಕಾಲಿಟ್ಟಾಗ ಕತ್ತು ಹಿಡಿದು ದೂಡ್ತಾ ಇದೀರಿ. ಬೆಳಗ್ಗೆ ಎದ್ದು ಎಲ್ಲೆಲ್ಲಿ ಪೆಟ್ಟಾಗಿದೆ ಅಂತ ಅದು ಮೈ ಮುಟ್ಟಿ ನೋಡ್ಕೊಳ್ತಿದೆ.’

ಆರು ತಿಂಗಳು ನನ್ನ ಗೆಲುವು ಎಂದುಕೊಂಡಿದ್ದೆಲ್ಲ ಒಂದೇ ಮಾತಿನಲ್ಲಿ ಹೋಯಿತು. ಬುತ್ತಿ ತಂದಿದ್ದ ಜಯಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

‘ಕೆಮ್ಮು ಕೇಳ್ಬಾರ್ದು ಅಂದ್ರೆ ಆ ಸ್ಪೀಕರ್ ಗುಂಡಿ ತಿರುಗ್ಸಿ ಸದ್ದು ಕಮ್ಮಿ ಮಾಡಿದ್ರೆ ಆಗ್ತಿರ್ಲಿಲ್ವಾ?’

ನಾನು ಆ ಗುಂಡಿಯನ್ನು ಅಂದೇ ಮೊದಲ ಸಲ ಕಣ್ಣಿಟ್ಟು ನೋಡಿದ್ದು.

ಮತ್ತೆ ಹಾಕಿ, ಮತ್ತೆ ಮುಕ್ಕಾಲು ಗಂಟೆ ಕಾದು, ಮತ್ತೆ ನಿಲ್ಲಿಸಿದೆವು. ಈ ಸಲ ಪ್ರಕಾಶ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಿದ್ದ. ಮಂಗಳ ಮುಗಿಯಿತು. ಮೇಷ್ಟ್ರು ಮನಸಾರೆ ಕೆಮ್ಮಿದರು. ಆಮೇಲೆ, ನಾನೆಂದೂ ಕೇಳಿರದ ಅವರ ಮಾತು ಪೆಟ್ಟಿಗೆಯೊಳಗಿಂದ ಬಂತು. ಮೈಕ್ ಇನ್ನೂ ನಡೆಯುತ್ತಿದೆ ಎಂದು ಗೊತ್ತಿಲ್ಲದೆ ತಮಗೆ ತಾವೇ ಆಡಿಕೊಂಡ ಮಾತು.

‘ನಮ್ಮ ಶಾರದೆ ಲಗ್ನಪತ್ರಿಕೇನೂ ಇದ್ರಲ್ಲೇ ಅಚ್ಚಾಗೋ ಹಾಗಾಗ್ಲಪ್ಪ, ದೇವರೇ.’

ಜಯಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಪರದೆ ಕಪ್ಪಾಯಿತು. ಅದರ ನಡುವೆ ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ಒಂದು ಸಾಲು ಮೂಡಿತು. ಇನ್ನು ನೀವು ಆರಿಸಬಹುದು ಎಂದು ಅದರ ಅರ್ಥವಂತೆ. ಆರು ತಿಂಗಳಿಂದ ಆ ಯಂತ್ರ ಅಷ್ಟು ಮರ್ಯಾದೆಯಾಗಿ ಹೇಳಬೇಕೆಂದಿದ್ದ ಮಾತನ್ನು ನಾನು ಒಂದು ದಿನವೂ ಹೇಳಲು ಬಿಟ್ಟಿರಲಿಲ್ಲ.

ಶುಕ್ರವಾರ ಒಂಬತ್ತು ನಲವತ್ತು. ಕೃಷ್ಣಯ್ಯನವರ ಕೈಗಡಿಯಾರ ಮೇಜಿನ ಮೇಲೆ. ಅರ್ಧ ಬೀದಿ ಅಂಗಡಿಯ ಮುಂದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಕಾಯಿ ಒಡೆದು ಸ್ವಿಚ್ಚು ಹಾಕಿದೆ. ಪರದೆ ಕಪ್ಪಾಗಿತ್ತು. ಆಮೇಲೆ ನೀಲಿಯಾಯಿತು. ಆದರೆ ಅದು ಬೇರೆ ನೀಲಿ. ಮೋಡವಿರುವ ನೀಲಿ. ಇರುವೆ ಇಲ್ಲ! ಎರಡು ನಿಮಿಷದಲ್ಲಿ ಕಂಪ್ಯೂಟರು ಎದ್ದು ಕುಳಿತಿತ್ತು. ಗುಂಡಿ ಒತ್ತಿದೆ. ಪ್ರಿಂಟರು ಗೊಣಗಿ ಗೊಣಗಿ ಹೊರಕ್ಕೆ ಬಿಟ್ಟಿತು: ಚಿ. ಸೌ. ಶಾರದೆಯ ಲಗ್ನಪತ್ರಿಕೆ. ಸೀಮೆಎಣ್ಣೆ ಸ್ವಲ್ಪ ಘಮಘಮಿಸುತ್ತಿದ್ದುದು ನಿಜ.

ಕೃಷ್ಣಯ್ಯನವರು ಬೆರಳಿಟ್ಟು ಒಂದೊಂದು ಸಾಲನ್ನೂ ಓದಿದರು. ಗೋತ್ರ, ನಕ್ಷತ್ರ, ಛತ್ರ. ತಪ್ಪು ಹುಡುಕಿದರು, ಸಿಗಲಿಲ್ಲ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಮೇಷ್ಟ್ರ ಕೈಗಿಟ್ಟರು. ಮೇಷ್ಟ್ರು ಅದನ್ನು ಎದೆಗೊತ್ತಿಕೊಂಡರು.

‘ಕೆಟ್ಟು ಕೂತಿದ್ದ ಕಂಪ್ಯೂಟರನ್ನ ನಾಲ್ಕೇ ದಿನದಲ್ಲಿ ಸರಿಮಾಡಿದಾರೆ. ಗಟ್ಟಿ ಆಸಾಮಿ’ ಎಂದು ಕೃಷ್ಣಯ್ಯ ನನ್ನ ಬೆನ್ನು ತಟ್ಟಿದರು. ತಿದ್ದುವುದು ನನ್ನ ಧರ್ಮವಾಗಿತ್ತು. ಹಿರಿಯರ ಮಾತಿಗೆ ಅಡ್ಡ ಬರಬಾರದೆಂದು ಸುಮ್ಮನಾದೆ. ಜಯಮ್ಮ ನನ್ನನ್ನೇ ನೋಡುತ್ತಿದ್ದಳು. ಪ್ರಿಂಟರಿಗೆ ಇನ್ನಷ್ಟು ಕಾಗದ ಇಡುವ ಕೆಲಸ ನನಗೆ ನೆನಪಾಯಿತು.

ಮದುವೆ ಚೆನ್ನಾಗಿಯೇ ಆಯಿತು. ಆ ಮದುವೆಯ ಊಟದ ಸಾಲಿನಲ್ಲಿ ಕೃಷ್ಣಯ್ಯನವರು ಎಡಗಡೆಯವರಿಗೂ ಬಲಗಡೆಯವರಿಗೂ ನನ್ನನ್ನು ‘ಕಂಪ್ಯೂಟರ್ ಡಾಕ್ಟರು’ ಎಂದು ಪರಿಚಯಿಸಿದರು. ಮುಂದಿನ ವಾರವೇ ಚನ್ನರಾಯಪಟ್ಟಣದ ಟೈಪಿಂಗ್ ಶಾಲೆಯ ಯಜಮಾನರೊಬ್ಬರು ತಮ್ಮ ಕಂಪ್ಯೂಟರನ್ನು ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ನಮ್ಮ ಮೇಜಿನ ಮೇಲೆ ಇಳಿಸಿದರು. ‘ನೀವೇ ಕಾಪಾಡ್ಬೇಕು ಸಾರ್’ ಎಂದರು. ನನ್ನನ್ನು ಸಾರ್ ಎಂದ ಮೊದಲ ಯಜಮಾನರು ಅವರು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅವರನ್ನು ಕಾಫಿ ಕುಡಿಯಲು ಹೋಟೆಲಿಗೆ ಕಳಿಸಿ, ಪಕ್ಕದ ಫೋನ್ ಬೂತಿಗೆ ಓಡಿ, ಗಾಜಿನ ಬಾಗಿಲು ಹಾಕಿಕೊಂಡು ಹಾಸನಕ್ಕೆ ಫೋನ್ ಮಾಡಿದೆ.

‘ಯಜಮಾನ್ರೇ, ದೇವರಾಣೆ ಅದನ್ನ ಬಿಚ್ಚಬೇಡಿ. ಬಿಚ್ಚಿಲ್ಲ ತಾನೆ?’ ಎಂದ ಪ್ರಕಾಶ.

‘ಛೆ, ನಾನ್ಯಾಕೆ ಬಿಚ್ಲಿ’ ಎಂದೆ.

ಎಡಗೈ ಬಿಡಿಸಿ ನೋಡಿಕೊಂಡೆ. ನಾನು ಬಿಚ್ಚಿದ್ದು ಐದು ಸ್ಕ್ರೂ. ಅಂಗೈಯಲ್ಲಿ ಆರಿದ್ದವು.